ಗೋಡೆಯಾಚೆಯ ಜಪಾನಿ ಪಾಠ

ವಿರೂಪಾಕ್ಷ ಹೋದ; ನಮ್ಮ ಜಪಾನಿ ಹೋಗಬಾರದು. ಬೈಲಹೊಂಗಲದ ಪ್ರಥಮ ಜಪಾನಿ ಪಂಡಿತ ನಾನೇ ಆಗಿ ತೋರಿಸುತ್ತೇನೆ! ಗೆಳೆಯನಿಗೆ ಮಣ್ಣು ಕೊಟ್ಟು ಬಂದ ವಾರವೇ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದೆ.

ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ, ನಮ್ಮಿಬ್ಬರಿಗೂ ಒಂದೇ ಹುಚ್ಚು. ಅವನು ಶಬ್ದಗಳನ್ನು ಒಂದೊಂದಾಗಿ ಹೇಳಿ, ಅರ್ಥ ಹೇಳಲು ನನಗೆ ನಡುವೆ ಬಿಡುವು ಕೊಟ್ಟು, ನನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದ. ಜಪಾನಿಯಲ್ಲಿ ‘ಯಾರು’ ಎಂದರೆ ಮಾಡು. ‘ನೋಡೋ’ ಎಂದರೆ ಗಂಟಲು. ‘ನಿರು’ ಎಂದರೆ ಕುದಿಸು. ಅದು ಅವನ ನಾಲಿಗೆಯಲ್ಲಿ ‘ನೀರು’!

ಒಂದು ಮಧ್ಯಾಹ್ನ ಧೈರ್ಯ ಮಾಡಿ ಆ ರೆಕಾರ್ಡಿಂಗ್ ಹಚ್ಚಿದೆ. ದನಿಯೇ ಇಲ್ಲ! ಏರಿಸಿದೆ. ಊಹೂಂ. ಪೂರ್ತಿ ಏರಿಸಿದೆ. ಆಗ ಗೋಡೆಯ ಆಚೆಯಿಂದ, ಸತ್ತವನ ಮನೆಯೊಳಗಿಂದ, ಸತ್ತವನ ದನಿ ಬಂತು.

“ನೋಡೋ…”

ಹೆಂಡತಿ ಉಮಾಶ್ರೀ ಓಡಿ ಬಂದಳು.

“ರೀ, ವಿರೂಪಾಕ್ಷಣ್ಣ ಕರ್ಯಾಕತ್ತಾನ್ರಿ!”

“ಅದು ಜಪಾನಿ ಪಾಠ!”

“ಸತ್ತ ಮ್ಯಾಲೂ ಪಾಠ ಏನ್ರಿ?”

ಆಗ ಹೊಳೆಯಿತು. ನನ್ನ ಮೊಬೈಲು ಹಳೆಯ ಸಲಿಗೆಯಿಂದ ಅವನ ಮನೆಯ ಬ್ಲೂಟೂತ್ ಸ್ಪೀಕರಿಗೆ ತಾನೇ ಕೂಡಿಕೊಂಡಿತ್ತು! ನಿಲ್ಲಿಸಲು ಹೋದವನು ಗೋಡೆಗೆ ಕಿವಿಗೊಟ್ಟೆ. ಆಚೆ, ನನಗೆಂದು ಬಿಟ್ಟ ಬಿಡುವುಗಳಲ್ಲಿ ಅವನ ತಾಯಿ ಬಾಯವ್ವ ಉತ್ತರ ಕೊಡತೊಡಗಿದ್ದಳು.

“ಯಾರು…”

“ನಾನಪಾ, ನಿಮ್ಮವ್ವ!”

“ನೀರು…”

“ತಂದ್ನಿ, ನನ್ನಪ್ಪಾ, ತಂದ್ನಿ!”

ಬಳಿಕ ‘ಕರ್‌ರ್’ ಎಂಬ ಸದ್ದು. ಮೌನ.

ಓಡಿಹೋಗಿ ನೋಡಿದರೆ ಬಾಯವ್ವ ಖಾಲಿ ತಂಬಿಗೆ ಹಿಡಿದು ನಿಂತಿದ್ದಳು. ಸ್ಪೀಕರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ದವಾಖಾನಿಗೆ ನಾ ಮುಟ್ಟೂದರಾಗ ಹೋಗಿಬಿಟ್ಟಿದ್ದ. ಬಾಯಾಗ ಒಂದ ಹನಿ ನೀರು ಬಿಡಾಕ ಆಗಲಿಲ್ಲ,” ಎಂದಳು. “ಈಗ ಕುಡದ. ನೋಡು, ಸುಮ್ಮಾದ.”

ಅಲ್ಲಿಗೆ ನಾನು ತೆಪ್ಪಗಿರಬೇಕಿತ್ತು. ಆದರೆ ಪಂಡಿತನಲ್ಲವೇ!

“ಯವ್ವಾ, ಅದು ಜಪಾನಿ ಶಬ್ದ. ಕುದಿಸು ಅಂತ ಅರ್ಥ. ಅವರು ನೀರಿಗೆ ನೀರು ಅನ್ನೂದಿಲ್ಲ.”

“ಮತ್ತೇನಂತಾರ?”

“ಅಕ್ಷರ ಒಂದ. ಓದೂದು ಎರಡು ಥರಾ. ಒಮ್ಮೆ ಮಿಜು, ಒಮ್ಮೆ ಸುಯಿ.”

ಬಾಯವ್ವ ಸೆರಗಿನಿಂದ ಸ್ಪೀಕರನ್ನು ಒರೆಸುತ್ತ, ದಡ್ಡ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದಳು.

“ಎರಡೂ ಅಂವಗ ಬರತಿದ್ದೂವಲ್ಲೋ ತಮ್ಮಾ. ಆದರೂ ನೀರು ಅಂತನ ಕೇಳಿದ. ಅವ್ವಗ ತಿಳೀಲಿ ಅಂತ.”