ಹನ್ನೊಂದನೆಯ ಸ್ಲೈಡು

ಜೀವಕೋಶ ನೋಡುವುದರಲ್ಲಿ ನನ್ನ ಕಣ್ಣು ತಪ್ಪುವುದೇ ಇಲ್ಲವೆಂದು ನಾನು ನಂಬಿದ್ದ ಕಾಲವದು. ಅರವತ್ತರ ದಶಕ. ಧಾರವಾಡದಿಂದ ಬಂದು ವಡೋದರದ ಆಸ್ಪತ್ರೆಯೊಂದರಲ್ಲಿ ಕೋಶಪರೀಕ್ಷೆಯ ಕೆಲಸಕ್ಕೆ ಸೇರಿದ್ದೆ. ಪದವಿ ಇತ್ತು, ಪ್ರಮಾಣಪತ್ರ ಇರಲಿಲ್ಲ. ದೀಪಾವಳಿಯೊಳಗೆ ಅದನ್ನು ತರದಿದ್ದರೆ ನೌಕರಿ ಹೋಗುತ್ತಿತ್ತು. ಹತ್ತು ಸ್ಲೈಡುಗಳಿಗೆ ಸ್ವತಃ ಬಣ್ಣ ಹಾಕಿ, ನೋಡಿ, ವರದಿ ಬರೆದು ಅಹಮದಾಬಾದಿನ ಪರೀಕ್ಷಕರಿಗೆ ಒಪ್ಪಿಸಬೇಕು. ಇಷ್ಟೇ ತಾನೇ!

ಅಷ್ಟರಲ್ಲಿ ಆಯುಧಪೂಜೆ ಬಂತು. ಹೆಂಡತಿ ಸುಮಿತ್ರಾ ಚೆಂಡು ಹೂವಿನ ದಪ್ಪ ಮಾಲೆ ಕಟ್ಟಿಕೊಟ್ಟಳು.

"ಅನ್ನಾ ಕೊಡೂ ಆಯುಧರೀ ಅದು. ಬರೇ ಕುಂಕುಮಾ ಹಚ್ಚಿ ಬರಬ್ಯಾಡ್ರಿ."

ನಾನು ಮೈಕ್ರೋಸ್ಕೋಪಿಗೆ ಮಾಲೆ ತೊಡಿಸಿದೆ. ತೆರೆದಿಟ್ಟ ಬಣ್ಣದ ಜಾಡಿಗಳ ಮೇಲೂ ಭಕ್ತಿಯಿಂದ ಹೂವೆಸಳು ಉದುರಿಸಿದೆ. ಆಮೇಲೆ ಎಸಳುಗಳನ್ನು ಆರಿಸಿ ತೆಗೆದೆ. ನಾನೇನು ದಡ್ಡನೇ?

ಮರುದಿನ ದಸರಾ. ನಮ್ಮ ಡಾಕ್ಟರು ಸೂರತ್ತಿಗೆ ಹೋಗಿದ್ದರು. ಮಟಮಟ ಮಧ್ಯಾಹ್ನ, ಇಡೀ ಮಹಡಿಯಲ್ಲಿ ನಾನೊಬ್ಬನೇ. ಪರೀಕ್ಷೆಯ ಹತ್ತೂ ಸ್ಲೈಡುಗಳಿಗೆ ಬಣ್ಣ ಹಾಕಿ ನೋಡಲು ಕೂತೆ. ಮೊದಲನೆಯ ಸ್ಲೈಡಿನ ಮೂಲೆಯಲ್ಲಿ ಅದು ಕಂಡಿತು. ಗುಂಡಗೆ, ಹಳದಿಯಾಗಿ, ಮೈತುಂಬ ಮುಳ್ಳು. ಯಾವ ಪುಸ್ತಕದಲ್ಲೂ ಇಲ್ಲದ ಕೋಶ! ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲಿ ನಾಲ್ಕಿದ್ದವು. ಏಳನೆಯದು ಹೋದ ತಿಂಗಳೇ ತೀರಿಕೊಂಡ ಮುದುಕರದು. ಅಲ್ಲಿಯೂ ಅದು ನನ್ನ ದಾರಿ ಕಾಯುತ್ತಿದ್ದ ಹಾಗೆ ಸುಮ್ಮನೆ ಕೂತಿತ್ತು. ಸ್ಲೈಡು ಸರಿಸಿದರೆ ಹೋಗುತ್ತಿತ್ತು, ಮುಂದಿನದನ್ನು ಇಟ್ಟರೆ ಮತ್ತೆ ಎದುರಿಗೇ. ಹಿಂದೆ ಯಾರೋ ನಿಂತಂತಾಗಿ ತಿರುಗಿದೆ. ಖಾಲಿ ಕುರ್ಚಿ. ಅದರ ಮೇಲೆ ನನ್ನದೇ ಕೋಟು.

ಒಳ್ಳೆಯ ಕೋಶ ಹೇಗಿರುತ್ತದೆ ನೋಡೋಣವೆಂದು ನನ್ನ ಕೆನ್ನೆಯ ಒಳಭಾಗವನ್ನೇ ಕೆರೆದು, ಬಣ್ಣ ಹಾಕಿ ಹನ್ನೊಂದನೆಯ ಸ್ಲೈಡು ಮಾಡಿದೆ. ಕಣ್ಣಿಟ್ಟೆ. ಅಲ್ಲಿಯೂ ಇತ್ತು.

ನನಗೂ ಅದೇ ರೋಗ! ಅಂದೇ ಹುಬ್ಬಳ್ಳಿಯಲ್ಲಿದ್ದ ಸುಮಿತ್ರಾಳ ತಮ್ಮ ರಾಘುವಿಗೆ ಕಾಗದ ಬರೆದು ಹಾಕಿದೆ: "ನನ್ನ ದಿನಗಳು ಮುಗಿದವು. ಅಕ್ಕನನ್ನು ಕರೆದುಕೊಂಡು ಹೋಗು." ಮನೆಯಲ್ಲಿ ಊಟ ಸೇರಲಿಲ್ಲ.

"ಯಾಕ್ರೀ, ಹೋಳಿಗಿ ಮುಟ್ಟಲೇ ಇಲ್ಲ?"

"ಇನ್ನ್ಯಾಕ ಹೋಳಿಗಿ, ಸುಮಿತ್ರಾ?" ಎಂದೆ, ಗಂಭೀರವಾಗಿ. ಅವಳು ಹೋಳಿಗೆಯನ್ನು ಪಕ್ಕದ ಮನೆಯ ಕೋಕಿಲಾಬೆನ್‌ಗೆ ಕೊಟ್ಟುಬಂದಳು. ನಿಜಕ್ಕೂ ಅಳು ಬಂತು.

ಮುಂದಿನ ವಾರ ಅಹಮದಾಬಾದಿನಲ್ಲಿ ಹಿರಿಯ ಪರೀಕ್ಷಕರ ಮುಂದೆ ಹನ್ನೊಂದೂ ಸ್ಲೈಡುಗಳನ್ನಿಟ್ಟೆ. "ಹತ್ತೂ ಜನರಿಗೆ ಇದುವರೆಗೆ ಯಾರೂ ಕಂಡಿರದ ಮಾರಕ ರೋಗ" ಎಂದು ವರದಿ. "ಸರ್, ಹನ್ನೊಂದನೆಯದು ನನ್ನದೇ" ಎಂದು ಕಣ್ಣೊರೆಸಿಕೊಂಡೆ. ಅವರು ನೋಡಿದರು. ಇನ್ನಿಬ್ಬರನ್ನು ಕರೆದರು. ಅವರೂ ನೋಡಿದರು. ನಾನು ಮನಸ್ಸಿನಲ್ಲೇ ರಾಯರಿಗೆ ಕೈಮುಗಿದೆ.

ಹಿರಿಯರು ಎದ್ದು ಬಾಗಿಲಿಗೆ ಹೋದರು. ಹಬ್ಬದ ತೋರಣದಿಂದ ಬಾಡಿದ ಚೆಂಡು ಹೂವೊಂದನ್ನು ಕಿತ್ತು ತಂದು ಹೊಸ ಗಾಜಿನ ಮೇಲೆ ಕೊಡವಿದರು.

"ನೋಡಿ, ಭಾಯಿ."

ನೋಡಿದೆ. ಗುಂಡಗೆ, ಹಳದಿಯಾಗಿ, ಮೈತುಂಬ ಮುಳ್ಳು!

"ಪರಾಗ. ಪೂಜೆ ಜೋರಾಗಿ ಮಾಡಿದಿರೇನು?" ಎಂದು ಕೇಳಿ, ನನ್ನ ಅರ್ಜಿಯ ಮೇಲೆ ಒಂದೇ ಒಂದು ಗೆರೆ ಎಳೆದರು. ಪ್ರಮಾಣಪತ್ರಕ್ಕೆ ಅದೇ ಕೊನೆ.

ಮನೆಗೆ ಬಂದರೆ ಬಾಗಿಲಲ್ಲಿ ರಾಘು! ರಜೆ ಹಾಕಿ, ಗಡ್ಡ ಬಿಟ್ಟುಕೊಂಡು, ಅತ್ತು ಕೆಂಪಾದ ಕಣ್ಣಿನಲ್ಲಿ ನಿಂತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಅವನು ಗಡ್ಡ ಕೆರೆದುಕೊಂಡ.

"ಅಂದ್ರ ಭಾವಾ, ಪರೀಕ್ಷಾದಾಗೂ ಫೇಲು, ಸಾಯೂದ್ರಾಗೂ ಫೇಲು!"

ಸುಮಿತ್ರಾ ನಗಲಿಲ್ಲ. ಒಳಗೆ ಹೋಗಿ ಹೋಳಿಗೆಗೆ ಕಣಕ ನಾದಲು ಕುಳಿತಳು. ನನ್ನ ಪಾಲಿಗೆ ಬಂದ ಪ್ರಮಾಣಪತ್ರ ಆ ಹೋಳಿಗೆಯಷ್ಟೇ.

ದೀಪಾವಳಿಗೆ ನೌಕರಿ ಹೋಯಿತು. ಒಬ್ಬಳನ್ನು ಕರೆದೊಯ್ಯಲು ಬಂದು ಅಲ್ಲಿಯವರೆಗೂ ಉಳಿದಿದ್ದ ರಾಘು ಇಬ್ಬರನ್ನು ಕರೆದುಕೊಂಡು ಹೊರಟ. ಬೀಳ್ಕೊಡಲು ಸ್ಟೇಷನ್ನಿಗೆ ಬಂದ ಕೋಕಿಲಾಬೆನ್ ಪ್ರೀತಿಯಿಂದ ಮಾಲೆ ಎತ್ತಿದರು. ಚೆಂಡು ಹೂವಿನದು. ನಾನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದೆ.

"ಹಾಕ್ಕೋರಿ ಭಾವಾ," ಎಂದ ರಾಘು, "ಇನ್ನ ಹೋಗೂದು ಏನ ಉಳದದ?"