ಬಾತ್‌ರೂಮಿನ ಬಾಗಿಲು ಎದ್ದು ಕಾಣಬಾರದೆಂದ ವಿನ್ಯಾಸಕರಿಗೆ

ಮಾನ್ಯರೇ,

ತಾವೂ, ತಮ್ಮ ಅಳತೆಯ ಟೇಪೂ, ಎಂದೂ ಸುಕ್ಕಾಗದ ತಮ್ಮ ಬಿಳಿ ಅಂಗಿಯೂ ಕ್ಷೇಮವೆಂದು ನಂಬಿ, ನಮ್ಮ ಮನೆಯನ್ನು ಸ್ಕ್ಯಾಂಡಿನೇವಿಯನ್ ಶೈಲಿಗೆ ತಂದು ನಮ್ಮನ್ನು ಉದ್ಧರಿಸಿದ್ದಕ್ಕಾಗಿ ಅನಂತ ವಂದನೆಗಳನ್ನು ಸಲ್ಲಿಸುತ್ತಿದ್ದೇನೆ. ಫೋನಿಗೆ ಕಳುಹಿಸಿದ ನನ್ನ ಮೆಸೇಜುಗಳಿಗೆಲ್ಲ ತಾವು ಒಂದು ಹಸಿರು ಎಲೆಯ ಚಿತ್ರವನ್ನಷ್ಟೇ ಉತ್ತರವಾಗಿ ಕೊಟ್ಟಿರಿ; ಅದರ ಅರ್ಥ ಮನೆಯಲ್ಲಿ ಯಾರಿಗೂ ತಿಳಿಯದ್ದರಿಂದ ಹೀಗೆ ಊರೆಲ್ಲ ಓದುವಂತೆ ಬರೆಯಬೇಕಾಯಿತು. ತಪ್ಪು ತಿಳಿಯಬಾರದು.

ಮೊದಲಿಗೆ ಬಿಳುಪಿನ ವಿಚಾರ. ದೂರದ ಆ ದೇಶಗಳಲ್ಲಿ ಚಳಿಗಾಲ ಬಂದರೆ ಸೂರ್ಯ ಮುಖ ತೋರಿಸುವುದೇ ಅಪರೂಪ, ಆದ್ದರಿಂದ ಇದ್ದಬದ್ದ ಬೆಳಕನ್ನು ಹಿಡಿದಿಡಲು ಗೋಡೆಗೆ ಬಿಳಿ ಬಳಿಯುತ್ತಾರೆ ಎಂದು ತಾವು ವಿವರಿಸಿದಾಗ ನನ್ನ ಯಜಮಾನರು ತಲೆದೂಗಿದ್ದೇ ತಲೆದೂಗಿದ್ದು. ನಮ್ಮ ಹಾಲಿಗೆ ಮಧ್ಯಾಹ್ನದಿಂದ ಸಂಜೆಯವರೆಗೂ ಬಿಸಿಲು ನೇರವಾಗಿ ನುಗ್ಗುತ್ತದೆ ಎಂಬ ಸಣ್ಣ ಸಂಗತಿಯನ್ನು ಹೇಳುವ ಧೈರ್ಯ ಆಗ ಯಾರಿಗೂ ಬರಲಿಲ್ಲ. ಈಗ ನಾವು ಕುಟುಂಬ ಸಮೇತ ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೇಲೆ ಕೂರುತ್ತೇವೆ, ಏಳುವಾಗ ತಾವು ಹಾಸಿಕೊಟ್ಟ ಕುರಿಯ ಚರ್ಮವೂ ಬೆವರಿಗೆ ಅಂಟಿಕೊಂಡು ನಮ್ಮ ಜೊತೆಗೇ ಏಳುತ್ತದೆ. ಇಷ್ಟು ಮಾಡಿದವರು ಇನ್ನೊಂದಿಷ್ಟು ದೊಡ್ಡ ಮನಸ್ಸು ಮಾಡಿ ನಮ್ಮ ಬೀದಿಗೆ ಆರು ತಿಂಗಳ ಕತ್ತಲೆಯನ್ನೂ ಸ್ವಲ್ಪ ಹಿಮವನ್ನೂ ಏರ್ಪಾಡು ಮಾಡಿಸಿಕೊಡಬೇಕು. ಇಡೀ ಬೀದಿಗೆ ಆಗದಿದ್ದರೆ ನಮ್ಮ ಕಿಟಕಿಯ ಮುಂದಕ್ಕಾದರೂ ಸಾಕು.

ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಮೇಜಿನ ಹಿಂದೆ ಕೂರುವವಳು ಎಂಬುದು ತಮಗೆ ಗೊತ್ತು. ದಿನವಿಡೀ ಬಿಳಿ ಗೋಡೆ, ಬಿಳಿ ಕುರ್ಚಿ, ಒಂದೇ ಒಂದು ಕುಂಡದ ಗಿಡ ನೋಡಿ ಸುಸ್ತಾಗಿ ಮನೆಗೆ ಬಂದರೆ ಇಲ್ಲೂ ಅದೇ ಗೋಡೆ, ಅದೇ ಕುರ್ಚಿ, ಅದೇ ಜಾತಿಯ ಗಿಡ. ಮೊನ್ನೆ ಹಾಲಿನಲ್ಲಿ ಸುಮ್ಮನೆ ಕುಳಿತಿದ್ದ ನನ್ನ ಅತ್ತೆಯವರನ್ನು "ಅಪಾಯಿಂಟ್‌ಮೆಂಟ್ ತಗೊಂಡಿದ್ದೀರಾ?" ಎಂದು ಕೇಳಿಯೇಬಿಟ್ಟೆ. ಅವರು ಪಾಪ, ಬಾಯಿ ತೆರೆದು ಹಲ್ಲು ತೋರಿಸಿ ನಕ್ಕರು. ಎದುರುಮನೆಯಾಕೆಯಂತೂ ಒಳಗೆ ಕಾಲಿಟ್ಟವಳೇ "ಅಯ್ಯೋ, ಮನೆ ಖಾಲಿ ಮಾಡ್ತಿದ್ದೀರಾ? ಹೇಳೋದಲ್ವಾ, ನಮ್ಮ ತಮ್ಮ ಮನೆ ಹುಡುಕ್ತಾ ಇದ್ದ" ಎಂದು ಬೇಸರ ಮಾಡಿಕೊಂಡಳು. ಇದೇ ಶೈಲಿ ಎಂದು ನಾನು ತಿಳಿಸಿ ಹೇಳಿದ್ದಕ್ಕೆ ನನ್ನ ಕೈ ಹಿಡಿದು, ಕಷ್ಟ ಎಲ್ಲರಿಗೂ ಬರುತ್ತೆ ಎಂದು ಸಮಾಧಾನ ಮಾಡಿ ಹೋದಳು.

ತಾವು ಮೂಲೆಯ ಹೂದಾನಿಯಲ್ಲಿ ಇಟ್ಟಿದ್ದ ಒಣ ಕಡ್ಡಿಯ ಬಗ್ಗೆಯೂ ಕ್ಷಮೆ ಕೇಳಬೇಕಿದೆ. ಅದು ಅಲಂಕಾರವೆಂದು ತಿಳಿಯದೆ ನನ್ನ ಮಗಳು, ಗಿಡ ಸತ್ತುಹೋಗಿದೆ ಎಂದು ಕಸಕ್ಕೆ ಹಾಕಿದಳು. ಆಮೇಲೆ ಯಜಮಾನರು ಬೀದಿಬದಿಯ ಮರದಿಂದ ಬೇರೊಂದು ಕಡ್ಡಿ ಮುರಿದು ತಂದು ಇಟ್ಟರು. ತಾವು ಬಂದಾಗ ಅದನ್ನೇ ದಿಟ್ಟಿಸಿ ನೋಡಿ "ಎಷ್ಟು ಸರಳ, ಎಷ್ಟು ಪ್ರಾಮಾಣಿಕ!" ಎಂದು ಕಣ್ಣುಮುಚ್ಚಿ ನಿಂತಿರಿ. ಮರದ ಪರವಾಗಿ ಧನ್ಯವಾದಗಳು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೊಟ್ಟೆಪಾಡಿನ ನಡುವೆ ನಕ್ಕು ಮರೆಯುವಂಥದ್ದು. ಇನ್ನು ಹೇಳುವುದು ಹಾಗಲ್ಲ.

ಕೆಲಸ ಶುರುವಾಗುವ ಮುಂಚೆ, ಯಾರಿಗೆ ಏನು ಬೇಕು ಎಂದು ತಾವು ಎಲ್ಲರನ್ನೂ ಕೇಳಿದಾಗ ಅತ್ತೆಯವರು ಬೇಡಿದ್ದು ಒಂದೇ, "ಬಾತ್‌ರೂಮಿನ ಬಾಗಿಲು ಮಾತ್ರ ಕೆಂಪಗೇ ಇರಲಿ ಕಣಪ್ಪ." ತಾವು ಮೃದುವಾಗಿ ನಕ್ಕು "ಕೆಂಪು ದೂರದಿಂದಲೇ ಎದ್ದು ಕಾಣುತ್ತೆ ಅಮ್ಮಾ, ಅದೇ ತೊಂದರೆ" ಎಂದಿರಿ. ವಯಸ್ಸಾದವರ ಹಟವೆಂದು ನಾವೂ ನಕ್ಕೆವು. ತಾವು ಅತ್ತೆಯವರ ಕೋಣೆಯ ನೀಲಿ ಪರದೆಯನ್ನು ತೆಗೆಸಿದಿರಿ, ಅಡುಗೆಮನೆಯ ಹಸಿರು ಚೌಕಟ್ಟಿಗೆ ಬಿಳಿ ಬಳಿಸಿದಿರಿ, ಹಿಡಿಯೂ ಚಿಲಕವೂ ಕಾಣದ, ಒತ್ತಿದರೆ ತೆರೆಯುವ ಬಿಳಿ ಹಲಗೆಗಳನ್ನು ಉದ್ದಕ್ಕೂ ಒಂದೇ ಸಾಲಿನಲ್ಲಿ ಕೂರಿಸಿ, ಅವುಗಳಲ್ಲಿ ಯಾವುದು ಬಾಗಿಲು, ಯಾವುದು ಕಪಾಟು, ಯಾವುದು ಬರೀ ಗೋಡೆ ಎಂಬ ಭೇದಭಾವವನ್ನೇ ಅಳಿಸಿಹಾಕಿದಿರಿ. ಇಷ್ಟು ದೊಡ್ಡ ಸಮಾನತೆ ಬೇರೆಲ್ಲೂ ನೋಡಸಿಗದು.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಮಗಳು ಶಾಲೆಯಿಂದ ಬಂದು ಚಪ್ಪಲಿ ಇಡಲು ಕಪಾಟು ಒತ್ತಿದರೆ, ಒಳಗೆ ಬೂಟುಗಳ ನಡುವೆ ಅವಳ ಅಜ್ಜಿ ನಿಂತಿದ್ದರು. ಬಾತ್‌ರೂಮೆಂದು ಒಳಗೆ ಹೋಗಿದ್ದರು, ಹಲಗೆ ತಾನಾಗಿ ಮುಚ್ಚಿಕೊಂಡಿತ್ತು, ಹೊರಗೆ ಬರಲು ಎಲ್ಲಿ ಒತ್ತಬೇಕೋ ತಿಳಿಯಲಿಲ್ಲ, ಕೂಗಲು ನಾಚಿಕೆಯಾಗಿತ್ತು. ಸೀರೆ ಒದ್ದೆಯಾಗಿತ್ತು. "ನಿಮ್ಮಮ್ಮಂಗೆ ಹೇಳ್ಬೇಡ ಕಣೇ" ಎಂದರಂತೆ. ಮಗು ಹೇಳಿತು.

ಆಗ ನಮಗೆ ತಿಳಿಯಿತು, ಅತ್ತೆಯವರಿಗೆ ಕಣ್ಣು ಮಂಜಾಗಿ ಬಹಳ ಕಾಲವಾಗಿದೆ. ಕೆಂಪು ಎಂದರೆ ಬಾತ್‌ರೂಮು, ನೀಲಿ ಎಂದರೆ ತನ್ನ ಹಾಸಿಗೆ, ಹಸಿರು ಎಂದರೆ ಅಡುಗೆಮನೆ ಎಂದು ಬಣ್ಣಗಳನ್ನು ಹಿಡಿದು ಓಡಾಡುತ್ತಿದ್ದರು, ನಮಗೆ ಗೊತ್ತಾದರೆ ಒಂದು ಕಡೆ ಕೂರಿಸಿಬಿಡುತ್ತೇವೆಂಬ ಭಯಕ್ಕೆ ಮುಚ್ಚಿಟ್ಟಿದ್ದರು. ಈಗ ಯಾರೂ ಕೂರಿಸದೆಯೇ ಹಾಲಿನಲ್ಲಿ ಕುಳಿತಿದ್ದಾರೆ. ಎದ್ದು ಹೋಗುವ ಪ್ರಸಂಗವೇ ಬರದಿರಲೆಂದು ನೀರು ಕುಡಿಯುವುದನ್ನೂ ಬಿಟ್ಟಿದ್ದಾರೆ. ಲೋಟ ತುಂಬಿಸಿಟ್ಟರೆ ನಾನು ಸಂಜೆ ಬರುವಾಗಲೂ ತುಂಬಿಯೇ ಇರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತದೆ, ಆಮೇಲೆ ತಮ್ಮ ಮೇಲೆ ಕೋಪ ಬರುತ್ತದೆ.

ತಮ್ಮನ್ನು ಮಾತ್ರ ದೂರುವುದು ನ್ಯಾಯವಲ್ಲ, ತಾವೂ ನಮ್ಮಂತೆಯೇ ನೊಂದವರು. ಕಳೆದ ಸಲ ಇಲ್ಲಿಗೆ ಬಂದಾಗ ಬಾತ್‌ರೂಮು ಎಲ್ಲಿ ಎಂದು ಕೇಳಲು ಸಂಕೋಚಪಟ್ಟು, ತಾವೇ ಕೂರಿಸಿದ ಹಲಗೆಗಳನ್ನು ಒಂದೊಂದಾಗಿ ಒತ್ತುತ್ತಾ ಹೋಗಿ, ಪೊರಕೆ ಇಟ್ಟ ಕಪಾಟಿನ ಮುಂದೆ ಕೊಂಚ ಹೊತ್ತು ಯೋಚಿಸುತ್ತ ನಿಂತು, ತುರ್ತು ಕೆಲಸವಿದೆಯೆಂದು ಅರ್ಧ ಟೀ ಬಿಟ್ಟು ಓಡಿದಿರಿ. ಕಣ್ಣು ಚೆನ್ನಾಗಿರುವವರ ಗತಿಯೇ ಹೀಗಾದರೆ ನಮ್ಮ ಅತ್ತೆಯವರ ಗತಿ ಏನೆಂದು ತಾವೇ ಊಹಿಸಬಲ್ಲಿರಿ.

ಆದ್ದರಿಂದ ಆ ಬಾಗಿಲಿಗೆ ಮತ್ತೆ ಕೆಂಪು ಬಳಿಸಿಕೊಡಬೇಕೆಂದು ಕೇಳಿದ್ದೆ. ಮನೆಯ ಫೋಟೋ ತೆಗೆದು, ಅದು ಪತ್ರಿಕೆಯಲ್ಲಿ ಬಂದ ಮೇಲೆ ನೋಡೋಣವೆಂದು ತಮ್ಮ ಕಚೇರಿಯಿಂದ ಉತ್ತರ ಬಂತು, ಜೊತೆಗೆ ತಮ್ಮಿಂದ ಅದೇ ಎಲೆ. ಫೋಟೋದ ದಿನದವರೆಗೆ ನೀರು ಕುಡಿಯದೆ ಇರಿ ಎಂದು ಅತ್ತೆಯವರಿಗೆ ತಾವೇ ಬಂದು ಹೇಳಿ ಹೋಗುವುದಾದರೆ ನಮ್ಮದೇನೂ ಅಭ್ಯಂತರವಿಲ್ಲ.

ಬಿಳಿ ಗೋಡೆ ಯಾವುದು, ಬಾಗಿಲು ಯಾವುದು ಎಂದು ಇನ್ನೂ ತಡಕಾಡುತ್ತಲೇ ಇರುವ,

ತಮ್ಮ ವಿಶ್ವಾಸಿ,
ಮನೆಯ ಸೊಸೆ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ಯಜಮಾನರು ಗೇಟಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದ ಡಬ್ಬ ಹುಡುಕಿ ತಂದು ಸ್ವತಃ ಬಾಗಿಲಿಗೆ ಬಳಿದಿದ್ದಾರೆ, ಅಂಚು ಸೊಟ್ಟಗಿದೆ, ಒಂದೆರಡು ಕಡೆ ಸೋರಿದೆ, ಬೀದಿಯಿಂದಲೂ ಎದ್ದು ಕಾಣುತ್ತದೆ. ಅತ್ತೆಯವರು ಇವತ್ತು ಎರಡನೇ ಲೋಟ ನೀರು ಕೇಳಿದರು. ನಾಳೆ ತಾವು ಫೋಟೋಗ್ರಾಫರರ ಜೊತೆ ಬಂದಾಗ ಟೀ ಪೂರ್ತಿ ಕುಡಿಯಿರಿ, ಸಂಕೋಚ ಬೇಡ. ಬಾತ್‌ರೂಮು ಎಲ್ಲಿದೆಯೆಂದು ಅತ್ತೆಯವರೇ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಾರೆ.