ಸಿಡಿಲಣ್ಣನಿಗೆ ಸೀಟು ಹಿಡಿದದ್ದು

ಸೀಟು ಹಿಡಿಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ತುಮಕೂರು ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಪಾಪ, ನಿಂತುಕೊಂಡೇ ಓಡಾಡುತ್ತಿರಬೇಕು. ಬಸ್ಸು ಸ್ಟ್ಯಾಂಡಿನೊಳಗೆ ಮೂತಿ ತೂರಿಸುವಷ್ಟರಲ್ಲಿ ನನ್ನ ಟವಲ್ಲು ಹೆಗಲಿನಿಂದ ಹಾರಿ, ಕಿಟಕಿಯ ಸರಳುಗಳ ನಡುವೆ ನುಸುಳಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಪದ್ಮಾಸನ ಹಾಕಿ ಕೂತಿರುತ್ತಿತ್ತು. ಒಮ್ಮೆ ಗುಬ್ಬಿಯಲ್ಲಿ ಎಸೆದದ್ದು ಕೊಂಚ ಜೋರಾಗಿ, ನಿಂತ ಬಸ್ಸನ್ನು ದಾಟಿ, ಆಚೆ ಹೊರಟಿದ್ದ ಬಸ್ಸಿನಲ್ಲಿ ಸೀಟು ಹಿಡಿದು ತಿಪಟೂರಿನವರೆಗೂ ಹೋಗಿ ಬಂತು. ದಾರಿಯುದ್ದಕ್ಕೂ ಆ ಸೀಟಿನಲ್ಲಿ ಒಬ್ಬರೂ ಕೂರಲಿಲ್ಲವಂತೆ. (ಕಂಡಕ್ಟರ್ ಅದಕ್ಕೆ ನಮಸ್ಕಾರ ಹೊಡೆದ ಎಂದರೆ ನೀವು ನಂಬುವುದಿಲ್ಲ, ಅದಕ್ಕೇ ಹೇಳುತ್ತಿಲ್ಲ.)

ಇಂಥ ನನಗೆ ತೊಂಬತ್ತಾರನೇ ಇಸವಿಯಲ್ಲಿ ‘ಸಿಡಿಲಣ್ಣ’ ಗಂಟುಬಿದ್ದ.

ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಆಕಾಶದಲ್ಲಿ ಹಾರುತ್ತಾನೆ, ಬರಿಗೈಯಲ್ಲಿ ರೈಲು ನಿಲ್ಲಿಸುತ್ತಾನೆ, ಅದೂ ಅಚ್ಚ ಕನ್ನಡದಲ್ಲಿ ಬೈಯುತ್ತಾ, ಎಂದು ಪೋಸ್ಟರುಗಳು ಸಾರಿದ್ದೇ ತಡ, ಊರಿಗೆ ಊರೇ ಹುಚ್ಚೆದ್ದಿತು. ಬಿಡುಗಡೆಯ ಶುಕ್ರವಾರ ತುಮಕೂರಿನ ಅಂಚಿನ ಸತ್ಯಮಂಗಲದ ಕಾರ್ಖಾನೆಗಳಲ್ಲಿ ಎಷ್ಟು ಜನಕ್ಕೆ ಹೊಟ್ಟೆನೋವು ಬಂತೆಂದರೆ, ಮಿಷನ್ನುಗಳು ತಮ್ಮನ್ನು ತಾವೇ ತಿರುಗಿಸಿಕೊಳ್ಳಬೇಕಾಯಿತು.

ಎರಡು ದಿನ ಮೊದಲೇ ಕುಣಿಗಲ್‌ನಿಂದ ಬಾಮೈದ ಶಿವಮೂರ್ತಿ ಫೋನ್ ಮಾಡಿದ.

“ಭಾವ, ಅವ್ವ ಸಿಡಿಲಣ್ಣನ್ನ ನೋಡ್ಲೇಬೇಕು ಅಂತ ಕೂತವ್ಳೆ. ನಾನು, ನಮ್ಮನೆಯವ್ಳು ಸ್ವರ್ಣಲತಾ, ಅವ್ವ ಶುಕ್ರವಾರ ಮ್ಯಾಟ್ನಿಗೆ ಬರ್ತೀವಿ. ಸೀಟು ಹಿಡಿಯಕ್ಕೆ ನಿಮ್ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ, ಬೇರೆ ಯಾರ್ಗಾದ್ರೂ ಹೇಳಿಸ್ತೀನಿ.”

ಯಾರಿಗೆ? ನನಗೆ! ನಮ್ಮ ಅತ್ತೆ ಕರಿಬಸಮ್ಮನವರ ಅಭಿಪ್ರಾಯದಲ್ಲಿ ನಾನು ಮದುವೆಯ ಮಂಟಪದಿಂದಲೇ ಕೈಲಾಗದವನು. ಅವರನ್ನೇನಾದರೂ ನಿಲ್ಲಿಸಿ ಸಿನಿಮಾ ತೋರಿಸಿದೆನೋ, ನನ್ನ ಕೀರ್ತಿ ಮಾರ್ಕೋನಹಳ್ಳಿ ಡ್ಯಾಮಿನ ನೀರಿನ ಜೊತೆ ಗದ್ದೆಗದ್ದೆಗೂ ಹರಿಯುವುದು ಖಚಿತ.

“ಬಾರಯ್ಯ ನೀನು. ಸಾಲಾಗಿ ಐದು ಸೀಟು, ನಿನ್ನ ಹೊಟ್ಟೆಗೆ ಬೇರೆ ಒಂದು,” ಎಂದೆ.

ಹೆಂಗಸರ ಕ್ಯೂ ಸಣ್ಣದಾದ್ದರಿಂದ ಟಿಕೆಟ್ಟುಗಳನ್ನು ನನ್ನ ಮನೆಯಾಕೆ ಶಶಿರೇಖಾ ತಂದಳು. ಆದರೆ ಸೆಕೆಂಡ್ ಕ್ಲಾಸಿನಲ್ಲಿ ಸೀಟಿಗೆ ನಂಬರಿರಲಿಲ್ಲ. ಮೊದಲು ಹೋದವನದೇ ಸೀಟು. ಬಸ್ಸಾದರೆ ಒಂದು ಟವಲ್ಲು ಸಾಕು. ಇಲ್ಲಿ ಆರು ಬೇಕು. ಅಭಿಮಾನಿಗಳೋ, ಟವಲ್ಲನ್ನು ಎತ್ತಿ ಮುಖ ಒರೆಸಿಕೊಂಡು ಕೂತುಬಿಡುವ ಜಾತಿ. ಆಗ ಹೊಳೆಯಿತು ನೋಡಿ ಬ್ರಹ್ಮಾಂಡ ಐಡಿಯಾ. ಸೀರೆ! ಒಂದು ಸೀರೆ ಹಾಸಿದರೆ ಇಡೀ ಸಾಲು ನಮ್ಮದು. ಹೆಂಗಸರ ಸೀಟು ಎಂದುಕೊಂಡು ಎಂಥ ಪುಂಡನೂ ಮುಟ್ಟುವುದಿಲ್ಲ.

ಶುಕ್ರವಾರ ಶಶಿರೇಖಾ ತವರಿನವರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದದ್ದೇ ಟ್ರಂಕು ತೆಗೆದೆ. ಮೇಲಿದ್ದವೆಲ್ಲ ಅವಳು ಆಗಾಗ ಉಡುವ ಸೀರೆಗಳು, ಕಾಣೆಯಾದರೆ ಗೊತ್ತಾಗುತ್ತದೆ. ತಳದಲ್ಲಿ, ಹಳೇ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿದ್ದ ಒಂದು ಕೆಂಪು ಸೀರೆ ಸಿಕ್ಕಿತು. ವರ್ಷಗಟ್ಟಲೆ ಬೆಳಕು ಕಂಡಿಲ್ಲ. ಬೇಡದ್ದು ಅಂತಲೇ ತಾನೆ ತಳಕ್ಕೆ ತಳ್ಳಿರುವುದು? (ಓದುವವರು ಹೆಂಗಸರಾಗಿದ್ದರೆ ಇಷ್ಟು ಹೊತ್ತಿಗೆ ಎದೆ ಹಿಡಿದುಕೊಂಡಿರುತ್ತೀರಿ. ಅವತ್ತು ನನಗೆ ಹೇಳುವವರು ಯಾರೂ ಇರಲಿಲ್ಲ.)

ಬಿ.ಎಚ್. ರಸ್ತೆಯ ಟಾಕೀಸಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಗುಬ್ಬಿಯಿಂದ ಎರಡು ಟೆಂಪೋ ಅಭಿಮಾನಿಗಳು ತಮಟೆ ಸಮೇತ ಬಂದಿದ್ದರು. ಗೇಟ್ ಕೀಪರ್ ಕದರಯ್ಯ ಬಾಗಿಲು ತೆರೆದ ಎನ್ನುವುದಕ್ಕಿಂತ ಬಾಗಿಲೇ ಕದರಯ್ಯನನ್ನು ಕರೆದುಕೊಂಡು ಒಳಗೆ ಹೋಯಿತು ಎನ್ನಬೇಕು. ನನ್ನ ಕಾಲುಗಳು ನೆಲ ಮುಟ್ಟಿದ್ದು ನೆನಪಿಲ್ಲ. ತೇಲುತ್ತಲೇ ಬಲೆ ಬೀಸುವ ಬೆಸ್ತನ ಹಾಗೆ ಸೀರೆ ಬೀಸಿದೆ. ಆರು ಸೀಟಿನ ಮೇಲೆ ಅದು ರತ್ನಗಂಬಳಿಯಂತೆ ಇಳಿಯಿತು! ಹಿಂದಿನ ಸಾಲಿನ ಗುಬ್ಬಿಯ ಹುಡುಗನೊಬ್ಬ, “ಲೇ, ಲೇಡೀಸ್ ಕಣ್ರೋ, ದೂರ ಬನ್ರೋ” ಎಂದು ತನ್ನವರನ್ನು ತಡೆದ.

ಕುಣಿಗಲ್ ಬಸ್ಸು ತಡವಾಗಿ, ನಮ್ಮವರು ಬರುವಾಗ ಸಿನಿಮಾ ಶುರುವಾಗಿ ಕತ್ತಲಾಗಿತ್ತು. ತಡವರಿಸುತ್ತಾ ಕೂತರು. ಅತ್ತೆ ಸೀಟು ಸವರಿ ನೋಡಿ, “ಅಳಿಯಂದಿರು ಮೆತ್ತಗೆ ಬಟ್ಟೆ ಬೇರೆ ಹಾಸವ್ರೆ! ಪರ್ವಾಗಿಲ್ಲ ಕಣೇ ಶಶಿ,” ಎಂದರು. ಶಿವಮೂರ್ತಿ ಕೆಮ್ಮಿದ. ಆ ಕೆಮ್ಮು ನನಗೆ ರಾಜ್ಯ ಪ್ರಶಸ್ತಿ.

ಅಷ್ಟರಲ್ಲಿ ಸಿಡಿಲಣ್ಣನ ಎಂಟ್ರಿ. ಅಬ್ಬಬ್ಬಾ! ಆ ಶಿಳ್ಳೆಗೆ ಚಾವಣಿಯ ಪಾರಿವಾಳಗಳು ಹೊರಬಿದ್ದು ಊರು ಬಿಟ್ಟವು. ಹರಿದ ಪೇಪರಿನ ಮಳೆಯಲ್ಲಿ ಪರದೆಯೇ ಕಾಣಲಿಲ್ಲ. ಥಿಯೇಟರಿಗೆ ಥಿಯೇಟರೇ ಎದ್ದು ನಿಂತಿತು. ಮಂಡಿನೋವಿನ ನಮ್ಮ ಅತ್ತೆ ಎಲ್ಲರಿಗಿಂತ ಮೊದಲು ಎದ್ದು, “ಏಯ್, ಹಿಂದೆ ನೋಡ್ಲಾ ಮಗನೇ! ಕಳ್ಳನನ್ಮಗ ಹಿಂದಿಂದ ಬಂದವ್ನೆ!” ಎಂದು ಸಿಡಿಲಣ್ಣನನ್ನೇ ಎಚ್ಚರಿಸಿದರು. ಅವನು ತಿರುಗಿ ನೋಡಿಯೂಬಿಟ್ಟ. “ನೋಡ್ದಾ, ನಾನೇಳಿದ್ದು ಕೇಳ್ತು,” ಎಂದು ಮಗನನ್ನು ತಿವಿದರು.

ಎಲ್ಲರೂ ಎದ್ದರಲ್ಲ, ಸೀಟು ಖಾಲಿಯಾಯಿತಲ್ಲ? ಹಿಂದಿನಿಂದ ಒಂದು ಕೈ ಬಂದು ಸೀರೆಯನ್ನು ಸರ್ರನೆ ಎಳೆಯಿತು. ನೋಡನೋಡುತ್ತಾ ಅದು ತಲೆಗಳ ಮೇಲೆ ಸಿಡಿಲಣ್ಣನ ಬೆನ್ನಬಟ್ಟೆಯಾಗಿ ಹಾರುತ್ತಾ ಪರದೆಯ ಮುಂದಿನ ಕಟ್ಟೆ ಸೇರಿತು. ಅಲ್ಲಿ ಗುಬ್ಬಿಯ ಭಕ್ತಾದಿಗಳು ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚುತ್ತಿದ್ದರು.

“ರೀ, ಅಲ್ನೋಡ್ರೀ,” ಶಶಿರೇಖಾ ಖುಷಿಯಿಂದ ನನ್ನ ತೋಳು ಅಲ್ಲಾಡಿಸಿದಳು. “ಆ ಸೀರೆ ಥೇಟ್ ನನ್ನ ಧಾರೆ ಸೀರೆ ಥರಾನೇ ಇದೆ!”

ಅತ್ತೆ ಕಣ್ಣು ಕಿರಿದು ಮಾಡಿದರು. “ಥರ ಏನ್ ಬಂತೇ? ಆ ಅಂಚು ನಾನೇ ಆರಿಸಿ ತಂದಿದ್ದು.”

“ಹೋಗವ್ವ, ನಂದು ಟ್ರಂಕಿನ ತಳದಲ್ಲಿ ಭದ್ರವಾಗಿ ಅದೆ.” ಆಮೇಲೆ ಸೀಟು ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ರೀ…?”

ಆ ‘ರೀ’ ಕೇಳಿಸುವಷ್ಟರಲ್ಲಿ ನಾನು ಅಲ್ಲಿರಲಿಲ್ಲ. ಕರ್ಪೂರದ ಜ್ವಾಲೆ ಸೆರಗಿನ ಕಡೆ ನಾಲಿಗೆ ಚಾಚುತ್ತಿತ್ತು. ಕುರ್ಚಿ, ತೊಡೆ, ಹೆಗಲು ಒಂದನ್ನೂ ನೋಡದೆ ತುಳಿದು, ಕಟ್ಟೆ ಹತ್ತಿ, ಸೀರೆ ಕಸಿದುಕೊಂಡೆ. ಅದು ನನ್ನ ಕುತ್ತಿಗೆಗೆ ಸುತ್ತಿ ಬೆನ್ನ ಹಿಂದೆ ಹಾರಿತು. ತಿರುಗಿದರೆ ಪ್ರೊಜೆಕ್ಟರಿನ ಬೆಳಕು ಕಣ್ಣಿಗೆ ರಾಚಿತು. ನನ್ನ ಬಿಳಿ ಶರ್ಟಿನ ಮೇಲೆಯೇ ರೈಲು ಧಡಧಡನೆ ಬರುತ್ತಿದೆ! ಬೆಳಕಿಗೆ ಅಡ್ಡವಾಗಿ ಎರಡೂ ಕೈ ಚಾಚಿದೆ.

ರೈಲು ನಿಂತಿತು.

(ನಿಲ್ಲಿಸಿದ್ದು ಸಿನಿಮಾದ ಸಿಡಿಲಣ್ಣ. ಆದರೆ ಅದನ್ನು ಆ ಜನಕ್ಕೆ ಹೇಳುವವರು ಯಾರು?) ಥಿಯೇಟರು ಸ್ಫೋಟಿಸಿತು. ಚಿಲ್ಲರೆ ಕಾಸು ಆಲಿಕಲ್ಲಿನಂತೆ ಬಿತ್ತು. “ಒನ್ಸ್ ಮೋರ್! ಒನ್ಸ್ ಮೋರ್!” ಆಪರೇಟರ್ ರೀಲು ಹಿಂದಕ್ಕೆ ಸುತ್ತಿದ, ಗುಬ್ಬಿಯವರು ನನ್ನನ್ನು ಇಳಿಯಗೊಡಲಿಲ್ಲ. ಇನ್ನೊಮ್ಮೆ ರೈಲು ನಿಲ್ಲಿಸಿದೆ. ಬಳಿಕ ನನ್ನನ್ನು ಸೀರೆ ಸಮೇತ ತಲೆಗಳ ಮೇಲೆ ತೇಲಿಸಿ ನಮ್ಮ ಸಾಲಿಗೆ ತಂದು ಇಳಿಸಿದರು.

ನನ್ನ ಸೀಟಿನಲ್ಲಿ ಕೊಬ್ಬರಿ ಮಂಡಿಯ ಮಹಾದೇವಯ್ಯನವರು, ಹೊಟ್ಟೆಗೆಂದು ಹಿಡಿದಿದ್ದ ಆರನೆಯದರಲ್ಲಿ ಅವರ ಕಡ್ಲೆಕಾಯಿ ಚೀಲ ವಿರಾಜಮಾನರಾಗಿದ್ದರು.

“ಸ್ವಾಮಿ, ಅದು ನನ್ನ ಸೀಟು.”

“ಹೌದಾ? ಏನೂ ಹಾಕಿರ್ಲಿಲ್ವಲ್ಲ?” ಎಂದು ಅವರು ಕಡ್ಲೆಕಾಯಿ ಬಿಡಿಸಿದರು.

ಇಂಟರ್‌ವಲ್‌ವರೆಗೆ ನಿಂತೇ ನೋಡಿದೆ. ಶಿವಮೂರ್ತಿ ಆಗಾಗ ತಿರುಗಿ, “ಭಾವ, ಕಾಲು ನೋವಾ?” ಎಂದು ವಿಚಾರಿಸಿಕೊಂಡ. ದೀಪ ಹತ್ತಿದಾಗ ಶಶಿರೇಖಾ ಸೀರೆ ಬಿಚ್ಚಿ ಹಿಡಿದಳು. ಸೆರಗಿನಲ್ಲಿ ಅಂಗೈಯಗಲ ಮಸಿ, ಅಂಚಿನಲ್ಲಿ ನಾಣ್ಯದಷ್ಟು ತೂತು. ಅವಳ ಕಣ್ಣಿನ ಅಂಚಿನಲ್ಲೂ ನೀರು.

“ಬುಡೇ, ಅಂಚು ಮಡಿಚಿ ಹೊಲ್ದು ಕೊಡ್ತೀನಿ,” ಅತ್ತೆ ಅವಸರ ಮಾಡಿದರು. “ಮೊದ್ಲು ಫಸ್ಟ್ ಶೋಗೂ ಟಿಕೆಟ್ ತರ್ಸು. ಆ ರೈಲಿಂದು ಇನ್ನೊಂದ್ಸಲ ನೋಡ್ಬೇಕು. ಅಳಿಯಂದಿರು ಇಲ್ದೆ.”

ನಾನು ಗಂಟಲು ಸರಿಮಾಡಿಕೊಂಡೆ. “ನೋಡು ಶಶಿ, ತೂತು ಇಷ್ಟಕ್ಕೇ ನಿಂತಿದ್ದು ಯಾರಿಂದ? ಇಡೀ ಸೀರೆ ಬೂದಿಯಾಗ್ತಿತ್ತು. ಜೀವದ ಹಂಗು ತೊರೆದು ಬೆಂಕಿಗೆ ಹಾರಿದೆ. ಆ ಸಿಡಿಲಣ್ಣನಿಗೂ ನನಗೂ ಏನು ವ್ಯತ್ಯಾಸ, ನೀನೇ ಹೇಳು?”

ಶಶಿರೇಖಾ ಸೀರೆ ಮಡಿಚುತ್ತಾ ತಲೆ ಎತ್ತದೆ ಹೇಳಿದಳು:

“ಅವ್ನು ಇಡೀ ಊರನ್ನೇ ಕಾಪಾಡ್ದ ಕಣ್ರೀ. ಅದಕ್ಕೆ ಮುಂಚೆ ಯಾರ ಟ್ರಂಕಿಗೂ ಕೈ ಹಾಕ್ಲಿಲ್ಲ.”